ಕೆಳಗಿನ ಬೀದಿಗೆ ಇಳಿದ ಜಮಖಾನ

ನಮ್ಮ ಸಂಘದ ಜಮಖಾನಕ್ಕೆ ಕೊಟ್ಟದ್ದು ಮುನ್ನೂರ ಎಂಬತ್ತು ರೂಪಾಯಿ. ಕೋಲಾರದ ಅಂಗಡಿಯವನು ಹೇಳಿದ್ದು ಆರುನೂರು. ಒಂದು ಮೂಲೆಯಲ್ಲಿ ನೂಲು ಬಿಟ್ಟಿರುವುದನ್ನು ತೋರಿಸಿದೆ. ಸೆರಗಿನ ತುದಿಯನ್ನು ಒದ್ದೆ ಮಾಡಿ, ಬಣ್ಣ ಬಿಡುತ್ತದೆಯೋ ಎಂದು ಉಜ್ಜಿದೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ, ಅವನು ಕರೆಯಲಿಲ್ಲ. ಎದುರಂಗಡಿಯ ಮುಂದೆ ನಿಂತು ಅಲ್ಲಿ ನೇತುಹಾಕಿದ್ದ ಜಮಖಾನವನ್ನು ಬೆರಳಲ್ಲಿ ಹಿಡಿದು ನೋಡತೊಡಗಿದ ಮೇಲೆ ಕರೆದ. ಮಾವಿನ ಮಂಡಿಯಲ್ಲಿ ಟವಲಿನಡಿ ಕೈಯಿಟ್ಟು, ಬೆರಳು ಹಿಡಿದು ಬೆಲೆ ಕೂಡಿಸುತ್ತಾರೆ. ಹೆಂಗಸಿನ ಬೆರಳು ಯಾರು ಹಿಡಿದಾರು? ಹಾಗಾಗಿ ನಾನು ಬಾಯಲ್ಲೇ ಚೌಕಾಸಿ ಕಲಿತವಳು. ತಲೆಯ ಮೇಲಿನ ಬದನೆಕಾಯಿ ಬುಟ್ಟಿಯಿಂದ ಶುರುಮಾಡಿ, ಯಲ್ದೂರು ಕಡೆ ಹೂವಿನಲ್ಲೇ ಮಾವಿನ ತೋಟ ಗುತ್ತಿಗೆ ಹಿಡಿಯುವಷ್ಟು ದೂರ ಬಂದದ್ದು ಆ ಬಾಯಿಂದಲೇ.

ಅಂದಿಗೆ ಮುನ್ನೂರ ಎಂಬತ್ತು ಸಣ್ಣ ದುಡ್ಡಲ್ಲ. ವಾರವಾರ ಕೂಡಿಹಾಕಿದ ಉಳಿತಾಯದಿಂದ ನಾವು ಮಾಡಿದ ಮೊದಲ ಖರ್ಚೇ ಅದು. ಊರಿನ ಗಂಡಸರು ಅರಳಿಕಟ್ಟೆಯ ಮೇಲೆ ಕೂತು ಆಡಿಕೊಂಡರು. ಹಸು ತರಲಿಲ್ಲ, ಹೊಲಿಗೆ ಮಿಷನ್ನು ತರಲಿಲ್ಲ, ಕೂತ್ಕೊಳೋಕೆ ಬಟ್ಟೆ ತಂದವ್ರೆ ನೋಡು ಎಂದು.

ಯಾಕೆ ತಂದೆವೆಂದರೆ, ಅಲ್ಲಿಯವರೆಗೆ ನಾವು ಸ್ಕೂಲಿನ ಜಗಲಿಯ ಮೇಲೆ ಸಭೆ ಸೇರುತ್ತಿದ್ದಾಗ ಒಬ್ಬೊಬ್ಬಳೂ ತನ್ನ ತನ್ನ ಮನೆಯಿಂದ ಕೂರುವುದಕ್ಕೆ ಏನಾದರೂ ತರುತ್ತಿದ್ದಳು. ದೊಡ್ಡಮನೆಯವಳು ಈಚಲು ಚಾಪೆ, ನಾನು ಗೋಣಿಚೀಲ, ಇನ್ನೊಬ್ಬಳು ಮಣೆ. ಕೆಳಗಿನ ಬೀದಿಯ ಹೆಂಗಸರು ಏನೂ ತರುತ್ತಿರಲಿಲ್ಲ. ಜಗಲಿಯ ಕೊನೆಯ ಕಂಬದ ಹತ್ತಿರ ಬರಿ ನೆಲದ ಮೇಲೆ ಕೂರುತ್ತಿದ್ದರು. ಮೇಲಿನ ಬೀದಿಯವರು ಆ ಬೀದಿಯ ಮನೆಗಳಲ್ಲಿ ನೀರು ಮುಟ್ಟದ ಕಾಲ. ಸಂಘ ಕಟ್ಟಿಸಲು ಮುಳಬಾಗಿಲಿನಿಂದ ಬರುತ್ತಿದ್ದ ಮೇಡಂ "ದುಂಡಗೆ ಕೂತ್ಕೊಳ್ಳಿ, ದುಂಡಗೆ" ಎಂದು ಎಷ್ಟು ಕೂಗಿದರೂ ದುಂಡು ಆ ಕಂಬದ ಹತ್ತಿರ ಬಂದು ಹರಿದುಹೋಗುತ್ತಿತ್ತು. ಬ್ಯಾಂಕಿನ ಮ್ಯಾನೇಜರು ನೋಡಲು ಬರುತ್ತಾರೆ, ನೀವು ಹೀಗೆ ಚೆದುರಿ ಕೂತರೆ ಇದು ಸಂಘವೇ ಅಲ್ಲ ಅನ್ನುತ್ತಾರೆ ಎಂದು ಮೇಡಂ ಹೆದರಿಸಿದರು. ನನ್ನದೇನೂ ದೊಡ್ಡ ಮನಸ್ಸಲ್ಲ. ನನಗೆ ಬ್ಯಾಂಕು ಬೇಕಿತ್ತು. ಜಗಲಿಯನ್ನು ಗೋಡೆಯಿಂದ ಅಂಚಿನವರೆಗೆ ಹಗ್ಗದಲ್ಲಿ ಅಳೆದುಕೊಂಡು ಕೋಲಾರಕ್ಕೆ ಹೋದೆ. ನೆಲವೇ ಕಾಣದ ಹಾಗೆ ಹಾಸಿಬಿಟ್ಟರೆ ನೆಲದ ಮೇಲೆ ಕೂರುವವರು ಎಲ್ಲಿ ಕೂರುತ್ತಾರೆ?

ಹಾಸಿದ ಮೊದಲ ದಿನ ಕಂಬದ ಹತ್ತಿರ ಕೂರುತ್ತಿದ್ದವರಲ್ಲಿ ಒಬ್ಬಳು ಕೆಳಗೇ ನಿಂತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಆದರೂ ನನ್ನನ್ನು "ಅಮ್ಮಾ" ಎನ್ನುತ್ತಿದ್ದಳು. "ಬಾರಕ್ಕಾ, ಕೂತ್ಕೊ" ಎಂದೆ. ಅಂದಿನಿಂದ ಅವಳು ನನಗೆ ಅಕ್ಕ. ಇಲ್ಲಿಯೂ ಅಕ್ಕನೆಂದೇ ಬರೆಯುತ್ತೇನೆ. ಅವಳ ಬಾಯಲ್ಲಿ ನಾನು "ಅಮ್ಮಾ"ದಿಂದ "ಲೇ"ಗೆ ಇಳಿಯಲು ಎಷ್ಟೋ ವರ್ಷ ಬೇಕಾಯಿತು.

ಅಕ್ಕ ಕೂತಳು. ಮುಂದಿನ ವಾರದಿಂದ ದೊಡ್ಡಮನೆಯವಳೂ ಮೇಲಿನ ಬೀದಿಯ ಇನ್ನು ಕೆಲವರೂ ಬರುವುದು ನಿಲ್ಲಿಸಿದರು. ಉಳಿತಾಯದ ದುಡ್ಡು ಮಾತ್ರ ಮಕ್ಕಳ ಕೈಯಲ್ಲಿ ತಪ್ಪದೆ ಬರುತ್ತಿತ್ತು. ಕೇಳಿದರೆ ಎಲ್ಲರಿಗೂ ಒಂದೇ ಕಾಯಿಲೆ, ಮೈ ಹುಷಾರಿಲ್ಲ.

ಇಲ್ಲಿ ಪಾಳಿಯ ಮಾತು ಹೇಳಬೇಕು. ಸಂಘ ಎಂದರೆ ದುಡ್ಡು ಎಂದು ಎಲ್ಲರೂ ತಿಳಿದಿದ್ದಾರೆ. ನಮ್ಮಲ್ಲಿ ಸಂಘಕ್ಕಿಂತ ಮೊದಲೇ ಮುಯ್ಯಾಳು ಇತ್ತು: ಇವತ್ತು ನಿನ್ನ ರಾಗಿ ಹೊಲಕ್ಕೆ ನಾನು ಬಂದರೆ, ನಾಳೆ ನನ್ನ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ನೀನು ಬರಬೇಕು. ಕೂಲಿ ಇಲ್ಲ, ಕೈಗೆ ಕೈ. ಅದನ್ನೇ ನಾವು ಆಸ್ಪತ್ರೆಗೂ ಬಾಣಂತನಕ್ಕೂ ತಂದೆವು. ಸಂಘದವಳು ಒಬ್ಬಳು ಆಸ್ಪತ್ರೆ ಸೇರಿದರೆ ಮಿಕ್ಕವರು ಪಾಳಿ ಹಾಕಿಕೊಂಡು ಅವಳ ಹಾಸಿಗೆಯ ಪಕ್ಕ ಇರಬೇಕು, ಅವಳ ಮನೆಯ ಹಸುವಿಗೆ ನೀರಿಡಬೇಕು. ಸಾಲ ಬ್ಯಾಂಕಿನಲ್ಲೂ ಸಿಗುತ್ತದೆ. ಬಚ್ಚಲಿಗೆ ಕೈಹಿಡಿದು ಕರೆದೊಯ್ಯುವವರು ಎಲ್ಲಿ ಸಿಗುತ್ತಾರೆ?

ಹೀಗೆ ಬರಿ ದುಡ್ಡು ಬರುತ್ತಿದ್ದ ಆ ವಾರಗಳಲ್ಲಿ ಒಂದು ದಿನ ಅಕ್ಕ ಮೊದಲ ಸಲ ಸಭೆಯಲ್ಲಿ ಬಾಯಿ ಬಿಟ್ಟಳು.

"ಮೇಡಂ, ದುಡ್ಡು ಯಾರ ಕೈಲಾದ್ರೂ ಕಳಿಸಬೋದು. ಸಂಘಕ್ಕೆ ಮೈ ಬರಬೇಕು. ಮೂರು ಸಭೆ ಮೈ ಬರದಿದ್ರೆ ಅವರಿಗೆ ಪಾಳಿ ಇಲ್ಲ ಅಂತ ಮಾಡಿ. ಮತ್ತೆ ಬಂದು ಈ ಬಟ್ಟೆ ಮೇಲೆ ಪೂರ್ತಿ ಸಭೆ ಕೂತ್ರೆ ಪಾಳಿ ವಾಪಸು."

"ನಿಜವಾಗ್ಲೂ ಕಾಯಿಲೆ ಬಿದ್ರೆ?" ಎಂದರು ಮೇಡಂ.

"ಬಿದ್ರೂ ಅಷ್ಟೇ. ನನ್ ಪಕ್ಕ ಕೂರಬೇಕು ಅಂದ್ರೆ ಈ ಊರಾಗೆ ಎಲ್ಲರಿಗೂ ಕಾಯಿಲೆ ಬರ್ತದೆ."

ನಗು ಎದ್ದಿತು. ನಿಯಮವೂ ಆಯಿತು, ಕಾಯಿಲೆಗೆ ರಿಯಾಯಿತಿ ಇಲ್ಲವೆಂದೇ ಆಯಿತು. ಮೊದಲು ಮರಳಿ ಬಂದವಳು ದೊಡ್ಡಮನೆಯವಳೇ. ಮಗಳ ಹೆರಿಗೆ ಹತ್ತಿರವಿತ್ತು, ಕೈಗಳು ಬೇಕಿದ್ದವು. ಜಮಖಾನದ ಅಂಚಿನಲ್ಲಿ, ಇನ್ನೇನು ಏಳುವವಳ ಹಾಗೆ ಕೂತಳು. ಅಂಚಿನಲ್ಲಾದರೂ ಸರಿ, ಕೂತಳು. ಆಮೇಲೆ ಟ್ರ್ಯಾಕ್ಟರು ಮಾಡಿಕೊಂಡು ಎಲ್ಲರೂ ಕುರುಡುಮಲೆಯ ಗಣೇಶನಿಗೆ ಹೋದಾಗ ಅಲ್ಲಿಯೂ ಅದನ್ನೇ ಹಾಸಿದೆವು. ಅಕ್ಕ ತಂದ ಚಿತ್ರಾನ್ನ ಸುತ್ತಿ ಬಂದಾಗ ದೊಡ್ಡಮನೆಯವಳು "ನಂಗಿವತ್ತು ಒಪ್ಪತ್ತು" ಎಂದಳು. "ಅಂಗಾದ್ರೆ ಬರ್ತಾ ದಾರೀಲಿ ತಿಂದ ಬೋಂಡ?" ಎಂದು ಅಕ್ಕ ಕೇಳಿದಳು. ದೊಡ್ಡಮನೆಯವಳು ಎಡಗೈಯಿಂದ ಬಾಯಿ ಮುಚ್ಚಿಕೊಂಡು, ಬಲಗೈ ಚಾಚಿದಳು.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ವರ್ಷಗಳು ಹೋದವು. ಪಾಳಿಯಲ್ಲಿ ಅಕ್ಕ ಕೂತಷ್ಟು ಯಾರೂ ಕೂತಿಲ್ಲ. ನನ್ನ ಎರಡನೆಯ ಹೆರಿಗೆಗೂ, ದೊಡ್ಡಮನೆಯವಳ ಕೊನೆಯ ದಿನಗಳಿಗೂ ಅವಳೇ ಇದ್ದಳು.

ಈಗಿನ ಮಾತಿಗೆ ಬರುತ್ತೇನೆ. ಈಗ ನಮ್ಮೂರ ಗೇಟಿನಲ್ಲಿ, ಅಂದರೆ ಊರಿನ ದಾರಿ ದೊಡ್ಡ ರಸ್ತೆ ಸೇರುವಲ್ಲಿ, ಬೆಳಿಗ್ಗೆಯೂ ಮಧ್ಯಾಹ್ನವೂ ಕಂಪನಿ ಬಸ್ಸು ನಿಲ್ಲುತ್ತದೆ. ಹೆಣ್ಣುಮಕ್ಕಳು, ಸೊಸೆಯರು ನರಸಾಪುರದ ಫ್ಯಾಕ್ಟರಿಗಳಿಗೆ ಶಿಫ್ಟಿನ ಮೇಲೆ ಹೋಗುತ್ತಾರೆ. ಸಭೆ ಗುರುವಾರದಿಂದ ಭಾನುವಾರಕ್ಕೆ ಬಂತು, ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೊಮ್ಮೆ ಆಯಿತು. ಅರ್ಧ ಜನ ಕೂತಲ್ಲೇ ತೂಕಡಿಸುತ್ತಾರೆ. ಬಯ್ಯಲು ಮನಸ್ಸು ಬರುವುದಿಲ್ಲ. ಅವರ ಕಣ್ಣು ನೋಡಿದರೆ ನನಗೇ ನಿದ್ದೆ ಬರುತ್ತದೆ. ಜಮಖಾನಕ್ಕೂ ವಯಸ್ಸಾಯಿತು. ಕೆಂಪು ಪಟ್ಟೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ, ತೂತಿಗೆ ಹಳೇ ಪ್ಯಾಂಟಿನ ತೇಪೆ ಬಿದ್ದಿದೆ. ಸುತ್ತಿ ಎತ್ತುವಾಗ ಅದರ ಭಾರ ಮಾತ್ರ ಒಂದಿಷ್ಟೂ ಕಡಿಮೆಯಾಗಿಲ್ಲ, ಅಥವಾ ನನ್ನ ಕೈಯಲ್ಲಿ ಕಸುವು ಕಡಿಮೆಯಾಗಿದೆ.

ಈ ಸಲ ಮಾವಿನ ಕೊಯ್ಲಿಗೆ ಮುಂಚೆ ಅಕ್ಕ ಒಂದು ಸಭೆಗೆ ಬರಲಿಲ್ಲ. ಇನ್ನೊಂದಕ್ಕೂ ಬರಲಿಲ್ಲ. ಮೂರನೆಯದಕ್ಕೂ ಬಾರದಿದ್ದಾಗ ನಾನು ಇಳಿಜಾರು ಇಳಿದು ಅವಳ ಮನೆಗೆ ಹೋದೆ.

"ಏನಕ್ಕಾ, ಪತ್ತೇನೇ ಇಲ್ಲ?"

"ಬಾರೇ. ಕಾಫಿ ಬೇಕಾದ್ರೆ ನೀನೇ ಕಾಯಿಸ್ಕೊ. ನಂಗೆ ಏಳೋಕಾಗಲ್ಲ."

ಗರ್ಭಕೋಶ ಜಾರಿ ಕೆಳಗಿಳಿದಿತ್ತು. ಎಷ್ಟೋ ತಿಂಗಳಿಂದ ಹಳೇ ಸೀರೆಯ ಬಟ್ಟೆ ಬಿಗಿದು ಕಟ್ಟಿಕೊಂಡು ಕೂಲಿಗೆ ಹೋಗಿದ್ದಳು, ಟೊಮೆಟೊ ಕ್ರೇಟು ಎತ್ತಿದ್ದಳು. ಈಗ ಸ್ಕೂಲಿನವರೆಗಿನ ದಿಣ್ಣೆ ಹತ್ತಲು ಆಗುತ್ತಿರಲಿಲ್ಲ.

"ಒಬ್ಬರಿಗೂ ಹೇಳಲಿಲ್ವಲ್ಲೇ ಅಕ್ಕಾ?"

"ಏನಂತ ಹೇಳ್ಲಿ? ಮೈಕಿನಾಗೆ ಕೂಗಿಸ್ಲಾ?"

ಕೋಲಾರದ ಆಸ್ಪತ್ರೆಯಲ್ಲಿ ತೋರಿಸಿದ್ದಳು. ಆಪರೇಷನ್ ಮಾಡಲೇಬೇಕು, ಇನ್ನು ತಡಮಾಡಿದರೆ ಹುಣ್ಣಾಗಿ ಹೆಚ್ಚಾಗುತ್ತದೆ ಎಂದು ಡಾಕ್ಟರಮ್ಮ ಹೇಳಿ, ಸೇರುವ ದಿನವನ್ನೂ ಕೊಟ್ಟಿದ್ದರು. ಜೊತೆಯಲ್ಲಿ ಹಗಲೂ ರಾತ್ರಿಯೂ ಒಬ್ಬ ಹೆಂಗಸು ಇರಬೇಕು ಎಂದಿದ್ದರು. ಅಕ್ಕನಿಗೆ ಗಂಡನಿಲ್ಲ. ಇರುವ ಒಬ್ಬ ಮಗ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಾನೆ; ಹೆಂಗಸರ ವಾರ್ಡಿನಲ್ಲಿ ಅವನು ಇರುವಂತಿಲ್ಲ. ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು.

"ಅಷ್ಟೇ ತಾನೆ? ಪಾಳಿ ಹಾಕಿಸ್ತೀನಿ."

"ನಂಗೆ ಪಾಳಿ ಇಲ್ಲ. ಮೂರು ಸಭೆ ಆಯ್ತು."

ತಮಾಷೆ ಎಂದುಕೊಂಡೆ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ಕಾಯಿಲೆ ಬಿದ್ದವಳಿಗೆ ಎಂಥಾ ರೂಲ್ಸೇ ಅಕ್ಕಾ?"

"ಕಾಯಿಲೆ ಅನ್ನೋ ಬಾಗಿಲು ಮುಚ್ಚಿಸಿದ್ದೇ ನಾನು. ದೊಡ್ಡಮನೆಯವಳು ಜ್ವರ ಬಂದೈತೆ ಅಂದಾಗ ನಾನು ಬಿಟ್ನಾ? ಈಗ ನಂಗೋಸ್ಕರ ತೆಗೆದ್ರೆ, ಇಷ್ಟು ವರ್ಷ ಅವರೆಲ್ಲ ನನ್ ಪಕ್ಕ ಕೂತಿದ್ದು ಸುಮ್ನೆ ಆಗೋಗ್ತದೆ ಕಣೇ."

"ಹಂಗಾದ್ರೆ ಆಪರೇಷನ್ನು?"

"ಪೋನೀ, ಹೋಗ್ಲಿ ಬಿಡು. ಇಷ್ಟು ದಿನ ಕಟ್ಕೊಂಡು ಓಡಾಡ್ಲಿಲ್ವಾ?"

ಕಾಫಿ ಕಾಯಿಸಿ ಇಬ್ಬರೂ ಕುಡಿದೆವು. ಎಂಥೆಂಥಾ ತೋಟದ ಮಾಲೀಕರನ್ನು ದಾರಿಗೆ ತಂದವಳು ನಾನು; ಅವಳ ಹಟವನ್ನು ಒಂದಿಷ್ಟೂ ಇಳಿಸಲಾಗಲಿಲ್ಲ. ನಾನೊಬ್ಬಳೇ ಇದ್ದುಬಿಡೋಣವೆಂದರೆ ಒಂದೆರಡು ದಿನದ ಕೆಲಸವಲ್ಲ. ಈ ಮಂಡಿನೋವಿನಲ್ಲಿ ನಾನು ಆಸ್ಪತ್ರೆಯ ನೆಲದ ಮೇಲೆ ಒಂದು ರಾತ್ರಿ ಮಲಗಿದರೆ ಮಾರನೆಯ ದಿನ ನನಗೇ ಒಬ್ಬರು ಬೇಕು.

ಮಾರನೆಯ ದಿನ ಮಧ್ಯಾಹ್ನ ಗೇಟಿಗೆ ಹೋದೆ. ದೊಡ್ಡಮನೆಯ ಸೊಸೆ, ಅಂದರೆ ಅದೇ ಚಾಪೆಯವಳ ಸೊಸೆ, ಎರಡನೇ ಶಿಫ್ಟಿನ ಬಸ್ಸಿಗೆ ಕಾಯುತ್ತಿದ್ದಳು. ಈಗ ಮೇಲಿನ ಬೀದಿಯ ಕಿರಿಯರು ಅವಳು ಹೇಳಿದಂತೆ ಕೇಳುತ್ತಾರೆ. ವಿಷಯ ಹೇಳಿದೆ, ಈ ಒಂದು ಸಲ ನಿಯಮ ಬಿಡೋಣ ಎಂದೆ.

"ಹೆಂಗೆ ಆಂಟೀ ಬಿಡೋದು? ನಮ್ಮತ್ತೆ ನೂರು ಸಲ ಹೇಳವ್ರೆ, ಜ್ವರದಾಗೆ ನಡುಗ್ತಾ ಹೋಗಿ ಆ ಜಮಖಾನದ ಮೇಲೆ ಕೂತಿದ್ದೆ ಅಂತ. ರೂಲ್ಸು ಅಂದ್ರೆ ಎಲ್ರಿಗೂ ರೂಲ್ಸು."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಬಸ್ಸು ಬಂತು, ಹತ್ತಿದಳು. ನಾನು ಗೇಟಿನ ಅಂಗಡಿಯ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡೆ. ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆ, ನಿಯಮ ಮುರಿಯಬಾರದು ಎಂದು. ಮಾವಿನ ಮಂಡಿಯಲ್ಲಿ ಇಬ್ಬರೂ ಬೆಲೆಯಲ್ಲಿ ಜಗ್ಗದಿದ್ದರೆ ಬೆಲೆಯ ಮಾತು ಬಿಟ್ಟು ಬೇರೆ ಮಾತೆತ್ತಬೇಕು. ಸಾಗಣೆ ಯಾರದು, ಕ್ರೇಟು ಯಾರದು ಎಂದು. ಬಂದು ಜಮಖಾನದ ಮೇಲೆ ಪೂರ್ತಿ ಸಭೆ ಕೂತರೆ ಪಾಳಿ ವಾಪಸು. ನಿಯಮದಲ್ಲಿ ಇರುವುದು ಜಮಖಾನ. ಸ್ಕೂಲಿನ ಜಗಲಿಯ ಮಾತು ಅದರಲ್ಲಿ ಇರಲೇ ಇಲ್ಲ. ಅಕ್ಕ ದಿಣ್ಣೆ ಹತ್ತಲಾರಳು, ಜಮಖಾನ ಇಳಿಯಬಹುದಲ್ಲ?

ಕುರುಡುಮಲೆಗೆ ಹೋಗಿ ಬಂದ ಜಮಖಾನ ಕೆಳಗಿನ ಬೀದಿಗೆ ಒಂದು ದಿನವೂ ಹೋಗಿರಲಿಲ್ಲ. ಸ್ಕೂಲಿನಲ್ಲಿ ನೆರಳಿದೆ, ಜಾಗವಿದೆ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಇದ್ದದ್ದೂ ನಿಜವೇ.

ಭಾನುವಾರ ಸಭೆ ಅಕ್ಕನ ಮನೆ ಮುಂದೆ ಎಂದು ಎಲ್ಲರಿಗೂ ಫೋನು ಮಾಡಿಸಿದೆ. ನನ್ನ ಸೊಸೆ ಮೊಪೆಡ್ಡಿನ ಮುಂದೆ ಜಮಖಾನ ಇಟ್ಟುಕೊಂಡು ಇಳಿದಳು, ನಾನು ಹಿಂದೆ ನಡೆದೆ. ಅಲ್ಲಿನ ಬೀದಿ ಕಿರಿದು. ಬಿಡಿಸಿದರೆ ಒಂದು ಅಂಚು ಅಕ್ಕನ ಹೊಸಿಲಿಗೆ, ಇನ್ನೊಂದು ಎದುರು ಮನೆಯ ಗೋಡೆಗೆ ಹತ್ತಿತು. ದಾರಿಯೇ ಮುಚ್ಚಿಹೋಯಿತು. ಹಾಲು ಹಾಕಿ ಬರುತ್ತಿದ್ದ ಒಬ್ಬ ಸೈಕಲ್ಲು ತಿರುಗಿಸಿಕೊಂಡು ಬೈಯುತ್ತಾ ಹೋದ.

ಅಕ್ಕ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ಸಿಟ್ಟು ಬಂದರೆ ಅವಳ ಮಾತು ತೆಲುಗಿಗೆ ತಿರುಗುತ್ತದೆ.

"ಏಮೇ, ನೀಕು ಪನಿ ಲೇದಾ? ಬೇರೆ ಕೆಲಸ ಇಲ್ವಾ ನಿಂಗೆ? ಯಾರ್ ಹೇಳಿದ್ರು ಇದನ್ನ ಇಲ್ಲಿಗೆ ತರೋಕೆ?"

"ಸಭೆ ಐತೆ. ಬರೋದಾದ್ರೆ ಬಾ, ಇಲ್ಲಾಂದ್ರೆ ನಾಲ್ಕನೇದೂ ತಪ್ತದೆ."

ಅವಳು ನನ್ನನ್ನು ನೋಡಿದಳು, ಜಮಖಾನ ನೋಡಿದಳು. ತಿರುಗಿ ಒಳಗೆ ಹೋದಳು. ನಾನು ಕೂತು ಕಾದೆ. ಆ ಬೀದಿಯವರು ಬಂದು ಕೂತರು. ಫ್ಯಾಕ್ಟರಿಯ ಇಬ್ಬರು ಹುಡುಗಿಯರು ಬಂದರು. ಮೇಲಿನ ಬೀದಿಯ ಹಿರಿಯಳೊಬ್ಬಳು ಉಸ್ಸಪ್ಪಾ ಎನ್ನುತ್ತಾ ಬಂದು ನನ್ನ ಪಕ್ಕ ಕುಸಿದಳು. ಮಿಕ್ಕ ಜಾಗ ಹಾಗೇ ಉಳಿಯಿತು. ಖಾಲಿ ಜಮಖಾನದ ಮೇಲೆ ಬಿಸಿಲು ಬೀಳುವುದನ್ನು ನೋಡುತ್ತಾ, ಇಷ್ಟು ವರ್ಷ ಕೂಡಿಸಿದ್ದು ಇಷ್ಟೇ ಎಂದುಕೊಂಡೆ.

ಕೊನೆಗೆ ದೊಡ್ಡಮನೆಯ ಸೊಸೆ ಬಂದಳು. ಲೈಟು ಕಂಬದ ಹತ್ತಿರ ಚಪ್ಪಲಿ ಕಾಲಿನಲ್ಲೇ ನಿಂತಳು. ಆಗ ಅಕ್ಕ ಸೀರೆ ಬದಲಾಯಿಸಿ ಹೊರಗೆ ಬಂದಳು. ಹೊಸಿಲು ದಾಟಿ, ಒಂದು ಕೈ ನೆಲಕ್ಕೂರಿ, ಹಲ್ಲು ಕಚ್ಚಿ ಕೂತಳು. ಕೂತು ಉಸಿರು ತಿರುಗಿಸಿಕೊಂಡವಳೇ ಕಂಬದ ಕಡೆ ನೋಡಿದಳು.

"ನಿಂತವರಿಗೆ ಹಾಜರಿ ಇಲ್ಲ ಕಣಮ್ಮಾ."

"ಅಜ್ಜೀ, ನಾನು ಏನ್ ಹೇಳೋಕೆ ಬಂದೆ ಅಂದ್ರೆ..."

"ಕೂತು ಹೇಳು."

ಆ ಹುಡುಗಿ ಚಪ್ಪಲಿ ಬಿಟ್ಟಳು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಂಚಿನಲ್ಲಿ, ಅವಳತ್ತೆ ಕೂತ ಹಾಗೆಯೇ.

ಅಕ್ಕನ ಹಣೆಯಲ್ಲಿ ಬೆವರಿಳಿಯುತ್ತಿತ್ತು. ಬೇಗ ಪಾಳಿ ಹಾಕಿ ಮುಗಿಸೋಣವೆಂದು ನಾನು ಬಾಯಿ ತೆರೆದೆ. "ಪ್ರಾರ್ಥನೆ ಯಾರು ಹಾಡ್ತೀರ? ಪೂರ್ತಿ ಸಭೆ ಆಗಬೇಕು" ಎಂದು ಅವಳು ತಡೆದಳು. ಪ್ರಾರ್ಥನೆಯಾಯಿತು, ಹಾಜರಿಯಾಯಿತು, ಉಳಿತಾಯವಾಯಿತು, ಹೋದ ಸಭೆಯಲ್ಲಿ ಆಡಿದ್ದನ್ನೆಲ್ಲ ಮತ್ತೆ ಹೇಳಿಸಿದಳು. ಒಂದು ಕಡೆಗೂ ಒರಗಲಿಲ್ಲ. ಎಲ್ಲ ಮುಗಿದ ಮೇಲೆ, "ಈಗ ಹೇಳಿ, ನಂಗೆ ಪಾಳಿ ಐತಾ ಇಲ್ವಾ?" ಎಂದು ದೊಡ್ಡಮನೆಯ ಸೊಸೆಯನ್ನೇ ಕೇಳಿದಳು.

"ಐತೆ ಅಜ್ಜೀ" ಎಂದಳು ಅವಳು. ತೊಡೆಯ ಮೇಲಿನ ಬ್ಯಾಗನ್ನು ಪಕ್ಕಕ್ಕಿಟ್ಟು, "ನಂದು ಸೆಕೆಂಡ್ ಶಿಫ್ಟು. ಬೆಳಿಗ್ಗೆ ಹೊತ್ತು ನಾನು ಇರ್ತೀನಿ, ಅಲ್ಲಿಂದಲೇ ನರಸಾಪುರಕ್ಕೆ ಹೋಗ್ತೀನಿ" ಎಂದಳು.

ಶಿಫ್ಟು ನೋಡಿಕೊಂಡು ಪಾಳಿ ಕೂಡಿಸಿದೆವು. ಆಪರೇಷನ್ ಆಯಿತು. ದೊಡ್ಡಮನೆಯ ಸೊಸೆ ಹೇಳಿದ ಹಾಗೆ ದಿನಾ ಬೆಳಿಗ್ಗೆ ಬಂದಳು, ಅಕ್ಕನ ತಲೆ ಬಾಚಿದಳು. ನಾನೂ ಇರ್ತೀನಿ ಎಂದು ನಗುನಗುತ್ತಾ ಕೈಯೆತ್ತಿದ್ದ ಇನ್ನೊಬ್ಬಳು ಬರಲೇ ಇಲ್ಲ, ಫೋನನ್ನೂ ಎತ್ತಲಿಲ್ಲ. ಅವಳ ಪಾಳಿ ನನ್ನ ಮಂಡಿಯ ಮೇಲೆ ಬಿತ್ತು. ಅಕ್ಕ ಈಗ ಮನೆಯಲ್ಲಿದ್ದಾಳೆ, ನಿಧಾನಕ್ಕೆ ನಡೆಯುತ್ತಾಳೆ. ಸಭೆ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಎಂದು ಮಾಡಿದ್ದೇವೆ. ಕೆಳಗೆ ಹಾಸಿದ ಭಾನುವಾರ ಖಾಲಿ ಜಾಗ ಜಾಸ್ತಿ. ನನ್ನ ಸರದಿ ಬಂದಾಗ ಅದರ ಮೇಲೆ ಎಷ್ಟು ಜನ ಉಳಿದಿರುತ್ತಾರೋ ತಿಳಿಯದು. ಕೇಳಿದರೆ ಅಕ್ಕ, "ನಾನಿಲ್ವೇನೇ?" ಅನ್ನುತ್ತಾಳೆ. ಅವಳು ಭಾರ ಎತ್ತಬಾರದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ನನ್ನ ಭಾರ ನನಗೆ ಗೊತ್ತು.

ನೀವೂ ಸಂಘ ಮಾಡುವವರಾದರೆ ನನ್ನ ಮಾತು ಕೇಳಿ. ತಪ್ಪದೆ ಬರುವವಳು ಒಂದು ಸಭೆಗೆ ಬಾರದಿದ್ದರೆ ಅಂದೇ ಸಂಜೆ ಅವಳ ಮನೆಗೆ ಹೋಗಿ, ಮೂರಾಗಲಿ ಎಂದು ಕಾಯಬೇಡಿ. ಸೊಂಟದ ಕೆಳಗಿನ ಕಾಯಿಲೆಯನ್ನು ಹೆಂಗಸರು ಹೇಳುವುದಿಲ್ಲ. "ಏನಾಗೈತೆ" ಎಂದು ಕೇಳಿದರೆ ಏನೂ ಇಲ್ಲ ಅನ್ನುತ್ತಾರೆ, "ನಡೆಯೋಕೆ ಆಗ್ತದಾ, ಭಾರ ಎತ್ತೋಕೆ ಆಗ್ತದಾ" ಎಂದು ಕೇಳಿ, ಆಗ ಬಾಯಿ ಬಿಡುತ್ತಾರೆ. ಆಸ್ಪತ್ರೆಯ ಪಾಳಿಗೆ ಹೋಗುವಾಗ ಹಳೇ ನೂಲಿನ ಸೀರೆ ಎರಡು, ಸ್ಟೀಲ್ ಚೊಂಬು, ಫೋನಿನ ಚಾರ್ಜರು ಮರೆಯಬೇಡಿ. ಬರುತ್ತೇನೆ ಎಂದವಳ ಜಾಗಕ್ಕೆ ಇನ್ನೊಬ್ಬಳನ್ನು ಮೊದಲೇ ಹೇಳಿಟ್ಟಿರಿ. ನಿಯಮ ಮಾಡುವಾಗ ಬಿಗಿಯಾಗಿ ಮಾಡಿ, ಆದರೆ ಸಭೆಯ ಜಾಗವನ್ನು ಒಂದೇ ಕಡೆ ಕಟ್ಟಿಹಾಕಬೇಡಿ. ಅತಿ ದೂರದಿಂದ ನಡೆದು ಬರುವವಳ ಬಾಗಿಲಿಗೆ ಮೊದಲ ತಿಂಗಳಲ್ಲೇ ಒಮ್ಮೆ ಹೋಗಿ ಕೂತು ಬನ್ನಿ. ಜಮಖಾನ ಕೊಳ್ಳುವಾಗ ಇಬ್ಬರು ಹೆಂಗಸರು ಎತ್ತಬಹುದಾದ ತೂಕದ್ದು ನೋಡಿ, ಮೂಲೆಯ ನೂಲು ನೋಡಿ, ಬಣ್ಣ ಉಜ್ಜಿ ನೋಡಿ. ಇಷ್ಟು ದೊಡ್ಡದು ಯಾಕಮ್ಮಾ, ಎರಡು ಚಿಕ್ಕವು ತಗೊಳ್ಳಿ, ಅಗ್ಗಕ್ಕೆ ಹಾಕಿಕೊಡ್ತೀನಿ ಎಂದು ಅಂಗಡಿಯವನು ಹೇಳುತ್ತಾನೆ. ಎಷ್ಟೇ ಅಗ್ಗವಾದರೂ ಎರಡು ತರಬೇಡಿ.